ದೂರಿಗೆ ಫಾರಂ ಇದೆ, ಪ್ರೀತಿಗೆ ಒಂದು ಗೆರೆಯೂ ಇಲ್ಲ

ಇವರಿಗೆ,
ಬೀದಿ ಮರಗಳ ಫೈಲಿಗೆ ಸಹಿ ಹಾಕುವ ಎಲ್ಲ ಅಧಿಕಾರಿಗಳು

ವಿಷಯ: ಮರ ಕಡಿಸುವ ಮುಂಚೆ, ಅದನ್ನು ಹಚ್ಚಿಕೊಂಡವರನ್ನೂ ಒಂದು ಮಾತು ಕೇಳುವ ಬಗ್ಗೆ

ಮಾನ್ಯರೇ,

ನಮ್ಮ ಬೀದಿಯ ತಿರುವಿನಲ್ಲಿದ್ದ ಮಳೆಮರವನ್ನು ನಿಮ್ಮಂಥದೇ ಒಂದು ಕಚೇರಿಯ ಆದೇಶದ ಮೇಲೆ ಕಡಿದು ಹಾಕಿದರು. ಆದೇಶದಲ್ಲಿದ್ದ ಕಾರಣ ಎರಡೇ ಪದ: ‘ಒಣಗಿದ, ಅಪಾಯಕಾರಿ’. ಕಡಿದ ದಿನ ಮರದ ತುಂಬ ಎಲೆ ಇತ್ತು. ಲಾರಿಗೆ ತುಂಬಿದ ರೆಂಬೆಗಳಿಂದ ಹಸಿರೆಲೆ ದಾರಿಯುದ್ದಕ್ಕೂ ಉದುರಿತ್ತು. ಗರಗಸ ಹಿಡಿದಿದ್ದ ಹುಡುಗನೇ ಮೇಸ್ತ್ರಿಯನ್ನು ಕೇಳಿದ, “ಅಣ್ಣಾ, ಇದೇ ಮರಾನಾ?” ಮೇಸ್ತ್ರಿ ಕೈಯಲ್ಲಿದ್ದ ಕಾಗದ ನೋಡಿದರು, ಕಾಂಡದ ಮೇಲಿದ್ದ ನಂಬರ್ ನೋಡಿದರು. “ಹೂಂ, ಇದೇ” ಅಂದರು. ನಂಬರ್ ಸರಿಯಾಗಿಯೇ ಇತ್ತು.

ಊರಿನ ಹೆಸರು, ಕಚೇರಿಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಹೇಳಿದರೆ ಇದು ಯಾವುದೋ ಒಂದು ಕಚೇರಿಯ ಎಡವಟ್ಟು ಅಂತ ಮುಗಿದುಹೋಗುತ್ತದೆ. ಆದರೆ ನಾನು ಹೇಳುತ್ತಿರುವ ಫಾರಂ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ಮರದ ಜಾತಿ, ಸುತ್ತಳತೆ, ಎತ್ತರ, ದೂರು ಕೊಟ್ಟವರ ಹೆಸರು, ಮರಮಟ್ಟಿನ ಬೆಲೆ, ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಆ ಮರ ಯಾರಿಗೆ ಬೇಕಾಗಿತ್ತು ಅಂತ ಬರೆಯುವುದಕ್ಕೆ ಒಂದು ಗೆರೆಯೂ ಇಲ್ಲ. ನನ್ನ ತಕರಾರು ಆ ಇಲ್ಲದ ಗೆರೆಯ ಬಗ್ಗೆ.

“ಸ್ವಾಮಿ, ಭಾವನೆಯನ್ನೆಲ್ಲ ಫೈಲಿನಲ್ಲಿ ಬರೆಯೋಕಾಗುತ್ತಾ?” ಅಂತ ನಿಮ್ಮವರೊಬ್ಬರು ನನ್ನನ್ನು ಕೇಳಿದರು. ಒಳ್ಳೆಯ ದನಿಯಲ್ಲೇ ಕೇಳಿದರು, ವ್ಯಂಗ್ಯ ಇರಲಿಲ್ಲ. ಅದಕ್ಕೇ ಉತ್ತರ ಕೊಡಬೇಕು ಅನ್ನಿಸಿತು.

ಮರ ಒಣಗಿದೆ ಅಂತ ನಿಮ್ಮ ಫೈಲು ಹೇಳಿದ್ದು ಹೇಗೆ? ಪರಿಶೀಲನೆಗೆ ಬಂದವರು ಒಣ ಹವೆಯ ತಿಂಗಳಲ್ಲಿ ಬಂದಿದ್ದರು. ಮಳೆಮರ ಆ ಕಾಲದಲ್ಲಿ ಎಲೆ ಉದುರಿಸುತ್ತದೆ. ಸ್ವಲ್ಪ ದಿನ ಬೋಳಾಗಿ ನಿಂತು ಆಮೇಲೆ ಚಿಗುರುತ್ತದೆ. ಬಂದವರು ಬೋಳು ಮರ ನೋಡಿದರು, ಒಣಗಿದೆ ಅಂತ ಬರೆದರು, ಹೋದರು. ಅಲ್ಲಿ ನಿಂತಿದ್ದ ಯಾರನ್ನಾದರೂ ಕೇಳಿದ್ದರೆ ಸಾಕಿತ್ತು. “ಇಲ್ಲ ಸಾರ್, ಇದು ವರ್ಷವೂ ಹೀಗೇ ಮಾಡುತ್ತೆ, ಇನ್ನು ಸ್ವಲ್ಪ ದಿನ ಬಿಟ್ಟು ಬಂದು ನೋಡಿ” ಅಂತ ಎದುರು ಮನೆಯ ಅಜ್ಜಿಯೇ ಹೇಳುತ್ತಿದ್ದರು. ಅವರಿಗೆ ಸಸ್ಯಶಾಸ್ತ್ರ ಗೊತ್ತಿಲ್ಲ. ಆ ಮರ ಗೊತ್ತಿತ್ತು. ಪ್ರತಿದಿನ ನೋಡಿದವರಿಗೆ ಗೊತ್ತಾಗುವಂಥದ್ದು ಅದು. ಪ್ರೀತಿಯಿಂದ ನೋಡದೆ ಇದ್ದರೆ ಯಾರೂ ಒಂದು ಮರವನ್ನು ಅಷ್ಟು ವರ್ಷ ನೋಡುವುದಿಲ್ಲ. ಫೈಲಿನಲ್ಲಿ ಜಾಗ ಇಲ್ಲ ಅಂತ ನೀವು ಪಕ್ಕಕ್ಕಿಟ್ಟ ಭಾವನೆಯೊಳಗೇ ನಿಮಗೆ ಬೇಕಾಗಿದ್ದ ಮಾಹಿತಿ ಇತ್ತು.

ಆ ಮರ ಏನೇನು ಮಾಡುತ್ತಿತ್ತು ಅನ್ನುವುದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಸಂಜೆ ಆದ ಹಾಗೆ ಅದರ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತಿದ್ದವು. ದಟ್ಟ ಮೋಡ ಕವಿದರೂ ಅಷ್ಟೇ. ಮಧ್ಯಾಹ್ನ ಚಪ್ಪರದ ಹಾಗೆ ಇದ್ದ ಮರದ ಕೆಳಗೆ ಸಂಜೆ ನಿಂತರೆ ಆಕಾಶ ಕಾಣುತ್ತಿತ್ತು. ಹೂ ಅಂದರೆ ಎಳೆಎಳೆಯಾದ ಗುಲಾಬಿ ಬಣ್ಣದ ಕುಚ್ಚು. ಉದುರಿದ್ದನ್ನು ಮಕ್ಕಳು ಕೆನ್ನೆಗೆ ಸವರಿಕೊಳ್ಳುತ್ತಿದ್ದರು. ಕಾಯಿ ಕಪ್ಪಗೆ, ಒಳಗೆ ಅಂಟು. ತುಳಿದರೆ ಚಪ್ಪಲಿಗೆ ಹತ್ತಿಕೊಂಡು ಮನೆಯೊಳಗೂ ಬರುತ್ತಿತ್ತು. ಬೈಸಿಕೊಳ್ಳುತ್ತಿತ್ತು ಕೂಡ.

ನಮ್ಮ ಬೀದಿಯಲ್ಲಿ ಕಣ್ಣು ಕಾಣದ ತಾತ ಒಬ್ಬರಿದ್ದಾರೆ. ಅವರ ಮನೆಗೆ ಆ ತಿರುವಿನಲ್ಲೇ ಎಡಕ್ಕೆ ಹೋಗಬೇಕು. ಹಗಲಲ್ಲಿ ಮುಖಕ್ಕೆ ತಂಪು ತಗುಲಿದರೆ ತಿರುವು ಬಂತು ಅಂತ ಅವರಿಗೆ ಲೆಕ್ಕ. ಹೊತ್ತು ಮುಳುಗಿದ ಮೇಲೆ ನೆರಳು ಸಿಗುವುದಿಲ್ಲ. ಕಾಯಿ ಉದುರುವ ಕಾಲದಲ್ಲಾದರೆ ಕಾಲಡಿ ಅದು ಸಿಕ್ಕಿತು ಅಂದರೆ ಎಡಕ್ಕೆ. ಬೇರೆ ದಿನ ಕೋಲಿನಿಂದ ಕಾಂಡ ಮುಟ್ಟಿ ನೋಡುತ್ತಿದ್ದರು. ಮರ ಹೋದ ಮೇಲೆ ಒಂದು ದಿನ ತಿರುವು ದಾಟಿ ನೇರ ದೊಡ್ಡ ರಸ್ತೆಯವರೆಗೂ ಹೋಗಿಬಿಟ್ಟಿದ್ದರು. ಯಾರೋ ಕೈ ಹಿಡಿದು ವಾಪಸ್ ಕರೆದುಕೊಂಡು ಬಂದರು. ಅಪಾಯ ತಪ್ಪಿಸಲು ಅಂತ ನೀವು ಕಡಿಸಿದಿರಿ. ಅವರಿಗೆ ಅಪಾಯ ಶುರುವಾಗಿದ್ದೇ ಅಲ್ಲಿಂದ. ಇದು ಯಾವ ಕಾಲಂನಲ್ಲಿ ಬರಬೇಕಿತ್ತು, ನೀವೇ ಹೇಳಿ.

ಇನ್ನೊಬ್ಬರು ಮಂಡಿ ಆಪರೇಷನ್ ಆದವರು. ಮೊದಲು ಗೇಟಿನ ತನಕ, ಆಮೇಲೆ ಮರದ ತನಕ ನಡೆದು ಬರುವುದು ಅವರ ಗುರಿಯಾಗಿತ್ತು. ಮರ ಮುಟ್ಟಿದ ದಿನ ಕಾಂಡಕ್ಕೆ ಒರಗಿಕೊಂಡು ಮಗಳಿಗೆ ಫೋನ್ ಮಾಡಿದ್ದರು. ಕೆಲಸದಿಂದ ಬರುವಾಗ ಅದರ ಕೆಳಗೆ ಸ್ಕೂಟರ್ ನಿಲ್ಲಿಸಿ ಸುಮ್ನೆ ಕೂತಿದ್ದು ಮನೆಗೆ ಹೋಗುವವರೊಬ್ಬರಿದ್ದರು. ಆಫೀಸಿನ ಸಿಟ್ಟು ಮನೆಯೊಳಗೆ ಬರಬಾರದು ಅಂತ ಈ ಏರ್ಪಾಡು ಅಂತೆ. ಇದನ್ನು ಅವರು ಹೇಳಿದ್ದು ಮರ ಹೋದ ಮೇಲೆ. ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮರದ ಮೇಲಿನ ಪ್ರೀತಿಯೇ ಹಾಗೆ ಅಲ್ವಾ? ಅದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆ ಅಂತ ಪ್ರತಿಯೊಬ್ಬರೂ ಒಳಗೇ ಇಟ್ಟುಕೊಂಡಿರುತ್ತಾರೆ.

ಎಲ್ಲರಿಗೂ ಆ ಮರ ಇಷ್ಟ ಇತ್ತು ಅಂತ ನಾನು ಹೇಳುವುದಿಲ್ಲ. ಕಡಿಯಿರಿ ಅಂತ ಅರ್ಜಿ ಕೊಟ್ಟವರೂ ನಮ್ಮ ಬೀದಿಯವರೇ. ಅವರ ಕಾರಿನ ಮೇಲೆ ಕಾಯಿಯ ಅಂಟು, ಹಕ್ಕಿ ಪಿಕ್ಕೆ. ತೊಳೆದೂ ತೊಳೆದೂ ಸಾಕಾಗಿತ್ತು ಅವರಿಗೆ. ಕೆಟ್ಟವರೇನಲ್ಲ, ಅವರ ತೊಂದರೆ ನಿಜವೇ. ಆದರೆ ಅವರ ತೊಂದರೆಗೆ ನಿಮ್ಮಲ್ಲಿ ಒಂದು ಫಾರಂ ಇತ್ತು, ಸ್ವೀಕೃತಿ ಸಂಖ್ಯೆ ಇತ್ತು, ಇಷ್ಟು ದಿನದೊಳಗೆ ಉತ್ತರ ಕೊಡಬೇಕು ಅಂತ ನಿಯಮ ಇತ್ತು. ತಾತನಿಗೆ ಏನಿತ್ತು? ಮರದಿಂದ ತೊಂದರೆ ಆಗಿದ್ದರೆ ಮಾತ್ರ ನಿಮ್ಮ ಬಾಗಿಲು ತಟ್ಟಬಹುದು. ಹಾಗಾಗಿ ನಿಮ್ಮ ಮೇಜಿನ ಮೇಲಿಂದ ನೋಡಿದರೆ ಊರಿನ ಜನಕ್ಕೆಲ್ಲ ಮರ ಕಂಡರೆ ಆಗುವುದಿಲ್ಲ ಅನ್ನಿಸುತ್ತದೆ. ಅದು ನಿಮ್ಮ ತಪ್ಪು ಕೂಡ ಅಲ್ಲ. ನಿಮ್ಮ ಕಿಟಕಿ ಇರುವುದೇ ಆ ಕಡೆಗೆ.

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಾಡಳಿತ ಈ ಕಿಟಕಿಯನ್ನು ಗೊತ್ತಿಲ್ಲದೆಯೇ ಇನ್ನೊಂದು ಕಡೆಗೂ ತೆರೆಯಿತು. ವರ್ಷಗಟ್ಟಲೆ ಬರ ಬಂದು ಅಲ್ಲಿನ ಮರಗಳು ಸೊರಗಿದ್ದವು. 2013ರಲ್ಲಿ ಸುಮಾರು 70,000 ಮರಗಳಿಗೆ ಒಂದೊಂದು ನಂಬರ್, ಒಂದೊಂದು ಇಮೇಲ್ ವಿಳಾಸ ಕೊಟ್ಟರು. ಉದ್ದೇಶ ನಿಮ್ಮದೇ ತರ ಇತ್ತು. ಕೊಂಬೆ ಮುರಿದಿದೆ, ಎಲ್ಲೋ ಅಪಾಯ ಇದೆ ಅಂತ ಜನ ದೂರು ಕೊಡಲಿ ಅಂತ. ದೂರು ಬಂತು. ಅದರ ಜೊತೆಗೆ ಸಾವಿರಾರು ಪ್ರೇಮಪತ್ರಗಳೂ ಬಂದವು, ಅಧಿಕಾರಿಗಳಿಗಲ್ಲ, ನೇರ ಮರಕ್ಕೇ! ದಿನಾ ನಿನ್ನ ಮುಂದೆ ಹೋಗುತ್ತೇನೆ ಅಂತ, ಬಿಸಿಲು ತಡೆದುಕೋ ಅಂತ. ಹೊರದೇಶಗಳಿಂದಲೂ ಬರೆದರು. ಗೋಲ್ಡನ್ ಎಲ್ಮ್ ಜಾತಿಯ ಒಂದು ಮರಕ್ಕೆ ಯಾರೋ, ನಿನ್ನನ್ನು ಬರೀ ನಂಬರಿನಿಂದ ಗುರುತಿಸುವುದು ಸರಿಯಲ್ಲ ಅಂತ ಬರೆದಿದ್ದರು. ಕೆಲವು ಪತ್ರಗಳಿಗೆ ಸಿಬ್ಬಂದಿಯೇ ಮರದ ಪರವಾಗಿ ಉತ್ತರ ಬರೆದರು. ಸರ್ಕಾರಿ ಕೆಲಸದಲ್ಲಿ ಇದಕ್ಕಿಂತ ಖುಷಿಯ ಕೆಲಸ ಇನ್ನೊಂದು ಇರುತ್ತಾ ಅಂತ ನನಗೆ ಹೊಟ್ಟೆಕಿಚ್ಚು. ಅಲ್ಲಿನ ಜನ ಬೇರೆ, ಇಲ್ಲಿನ ಜನ ಬೇರೆ ಅನ್ನಬೇಡಿ. ಅಲ್ಲಿ ವಿಳಾಸ ಇತ್ತು, ಅಷ್ಟೇ ವ್ಯತ್ಯಾಸ.

ಕೇಳದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಊರಿದೆ. ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿನ ನಗರಾಡಳಿತ ರಸ್ತೆ ದುರಸ್ತಿಗೆ ಅಂತ 2012ರಲ್ಲಿ ಒಂದು ಖಾಸಗಿ ಕಂಪನಿಯ ಜೊತೆ 25 ವರ್ಷದ ಗುತ್ತಿಗೆ ಮಾಡಿಕೊಂಡಿತು. ಊರಿನ ಬೀದಿ ಮರಗಳಲ್ಲಿ ಸುಮಾರು ಅರ್ಧದಷ್ಟನ್ನು, ಅಂದರೆ 17,500 ಮರಗಳನ್ನು ಬದಲಾಯಿಸುವುದು ಆ ಲೆಕ್ಕದಲ್ಲಿ ಸೇರಿತ್ತು. ಬೇರು ಫುಟ್‌ಪಾತ್ ಎತ್ತಿದೆ, ಅಂಚುಗಲ್ಲು ಸರಿಸಿದೆ ಅಂತ ಆರೋಗ್ಯವಾಗಿದ್ದ ಮರಗಳೂ ಪಟ್ಟಿಗೆ ಬಂದವು. ಜನ ಮರದ ಕೆಳಗೆ ಬಂದು ನಿಂತರು. 2016ರ ನವೆಂಬರ್ 17ರಂದು ಇನ್ನೂ ಬೆಳಕು ಹರಿಯುವ ಮುಂಚೆ, ಬೆಳಗಿನ ಜಾವ ಐದರ ಹೊತ್ತಿಗೆ, ರಸ್ಟ್‌ಲಿಂಗ್ಸ್ ರೋಡ್ ಅನ್ನುವ ಬೀದಿಗೆ ಪೊಲೀಸರನ್ನು ಕರೆದುಕೊಂಡು ಹೋಗಿ ಎಂಟು ಮರ ಕಡಿಸಿದರು. ತಡೆಯಲು ಹೋದ ಇಬ್ಬರು ನಿವೃತ್ತ ಹೆಂಗಸರನ್ನು ಬಂಧಿಸಿದರು. ಎಪ್ಪತ್ತು ದಾಟಿದವರು ಅವರು. ಜಗಳ ವರ್ಷಗಟ್ಟಲೆ ನಡೆಯಿತು. 2018ರಲ್ಲಿ ಕಡಿಯುವುದು ನಿಂತಿತು. ಆಮೇಲೆ ಜನರೂ ಅಧಿಕಾರಿಗಳೂ ಒಟ್ಟಿಗೆ ಹೋಗಿ ಮರಗಳನ್ನು ನೋಡಿದರು. ಪಟ್ಟಿಯಲ್ಲಿದ್ದ ಎಷ್ಟೋ ಮರಗಳಿಗೆ ಸಣ್ಣಪುಟ್ಟ ಕೆಲಸ ಸಾಕಾಗಿತ್ತು. ಅಂಚುಗಲ್ಲು ಸ್ವಲ್ಪ ಕೆತ್ತುವುದು, ಬೇರಿನ ಮೇಲೆ ದಾರಿಯನ್ನು ತುಸು ಏರಿಸುವುದು, ಅಷ್ಟೇ. 2023ರ ಮಾರ್ಚ್‌ನಲ್ಲಿ ಸ್ವತಂತ್ರ ವಿಚಾರಣೆಯ ವರದಿ ಬಂತು. ನಗರಾಡಳಿತ ಜನರನ್ನೂ ಕೋರ್ಟನ್ನೂ ದಾರಿ ತಪ್ಪಿಸಿತ್ತು ಅಂತ ಅದರಲ್ಲಿತ್ತು. ಅದೇ ವರ್ಷ ಜೂನ್‌ನಲ್ಲಿ ನಗರಾಡಳಿತ ಬಹಿರಂಗವಾಗಿ ಕ್ಷಮೆ ಕೇಳಿತು.

ಬೆಳಗಿನ ಜಾವದ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. 1974ರ ಮಾರ್ಚ್‌ನಲ್ಲಿ ಹಿಮಾಲಯದ ರೇಣಿ ಗ್ರಾಮದಲ್ಲೂ ಹೀಗೇ ಆಗಿತ್ತು. ಊರಿನ ಗಂಡಸರನ್ನೆಲ್ಲ ಪರಿಹಾರದ ಮಾತಿಗೆ ಅಂತ ಬೇರೆ ಕಡೆ ಕರೆಸಿಕೊಂಡು, ಅದೇ ದಿನ ಮರ ಕಡಿಯುವವರನ್ನು ಕಾಡಿಗೆ ಕಳಿಸಿದ್ದರು. ಗೌರಾದೇವಿ ಮತ್ತು ಜೊತೆಯ ಹೆಂಗಸರು, ಈ ಕಾಡು ನಮ್ಮ ತವರು ಅಂತ ಅಡ್ಡ ನಿಂತರು. ಯಾರೂ ಇಲ್ಲದ ಹೊತ್ತು ನೋಡಿ ಕಡಿಯಲು ಹೋಗುವವರಿಗೆ, ಜನರಿಗೆ ನೋವಾಗುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದೆ ಇದ್ದರೆ ಹೊತ್ತು ನೋಡುವ ಅಗತ್ಯ ಏನಿತ್ತು? ನಮ್ಮ ಮಳೆಮರಕ್ಕೂ ನೋಟಿಸ್ ಅಂಟಿಸಿದ್ದರು. ಕಾಂಪೌಂಡ್ ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ. ಗೋಡೆಗೂ ಕಾಂಡಕ್ಕೂ ನಡುವೆ ಬೆಕ್ಕು ಮಾತ್ರ ನುಗ್ಗಬಹುದಿತ್ತು. ಆಕ್ಷೇಪಣೆ ಯಾವುದೂ ಬಂದಿಲ್ಲ ಅಂತ ಆಮೇಲೆ ಫೈಲಿನಲ್ಲಿ ಬರೆದರು.

ಕಾನೂನು ಈ ನೋವನ್ನು ಕಾಣುವುದೇ ಇಲ್ಲ ಅಂತಲ್ಲ. ಇಂಗ್ಲೆಂಡಿನ ಸಿಕಮೋರ್ ಗ್ಯಾಪ್ ಅನ್ನುವ ಜಾಗದಲ್ಲಿ, ಹಳೆಯ ರೋಮನ್ ಗೋಡೆಯ ಪಕ್ಕ ನಿಂತಿದ್ದ ಒಂದೇ ಒಂದು ಮರವನ್ನು 2023ರ ಸೆಪ್ಟೆಂಬರ್‌ನಲ್ಲಿ ಇಬ್ಬರು ರಾತ್ರೋರಾತ್ರಿ ಕಡಿದರು. 2025ರ ಜುಲೈಯಲ್ಲಿ ಇಬ್ಬರಿಗೂ ನಾಲ್ಕು ವರ್ಷ ಮೂರು ತಿಂಗಳ ಜೈಲು ಶಿಕ್ಷೆ ಆಯಿತು. ಸಹಿ ಇಲ್ಲದೆ ಕಡಿದರೆ ಜನರ ನೋವು ಸುದ್ದಿಯಾಗುತ್ತದೆ. ಸಹಿ ಹಾಕಿ ಕಡಿದರೆ ಅದೇ ನೋವಿಗೆ ಫೈಲಿನಲ್ಲಿ ಗೆರೆ ಇಲ್ಲ. ಇದು ನನಗೆ ಅರ್ಥವಾಗಿಲ್ಲ.

ನೀವು ಹೇಳಬಹುದಾದ ನ್ಯಾಯವಾದ ಮಾತು ಒಂದಿದೆ. ಮರ ನಿಜವಾಗಿಯೂ ಅಪಾಯಕಾರಿಯಾಗಿದ್ದರೆ? ಪ್ರೀತಿಗೆ ಕಟ್ಟುಬಿದ್ದು ಬಿಟ್ಟರೆ, ನಾಳೆ ಯಾರದೋ ಮೇಲೆ ಬಿದ್ದರೆ? ಒಪ್ಪುತ್ತೇನೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆನ್ ಫ್ರಾಂಕ್ ಅನ್ನುವ ಯಹೂದಿ ಹುಡುಗಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಅಡಗಿದ್ದ ಮನೆಯ ಹಿಂದೆ ಒಂದು ಚೆಸ್ಟ್‌ನಟ್ ಮರ ಇತ್ತು. ಹೊರಗೆ ಕಾಲಿಡಲಾಗದ ಆ ಹುಡುಗಿ ಅಟ್ಟದ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು, ದಿನಚರಿಯಲ್ಲಿ ಅದರ ಬಗ್ಗೆ ಬರೆದಿದ್ದಳು. ಮರಕ್ಕೆ ಶಿಲೀಂಧ್ರ ಹತ್ತಿತು. 2007ರಲ್ಲಿ ಕಡಿಯಬೇಕು ಅಂತ ಅಧಿಕಾರಿಗಳು ತೀರ್ಮಾನಿಸಿದರು. ಜನ ಕೋರ್ಟಿಗೆ ಹೋಗಿ ತಡೆದರು, 2008ರಲ್ಲಿ ಉಕ್ಕಿನ ಆಧಾರ ಕೊಟ್ಟು ನಿಲ್ಲಿಸಿದರು. 2010ರ ಆಗಸ್ಟ್‌ನಲ್ಲಿ ಗಾಳಿಗೆ ಅದು ಬಿದ್ದೇಹೋಯಿತು. ಯಾರಿಗೂ ಏಟಾಗಲಿಲ್ಲ. ರೋಗದ ವಿಷಯದಲ್ಲಿ ಅಧಿಕಾರಿಗಳು ಹೇಳಿದ್ದು ಸರಿಯೇ ಇತ್ತು. ಆದರೆ ಆ ಜಗಳ ದಂಡ ಅಂತ ನನಗೆ ಅನ್ನಿಸುವುದಿಲ್ಲ. ಅದರ ಬೀಜದಿಂದ ಎದ್ದ ಸಸಿಗಳು ಇವತ್ತು ಬೇರೆ ಬೇರೆ ದೇಶಗಳಲ್ಲಿ ಬೆಳೆಯುತ್ತಿವೆ. ಮರ ಹೋಗಲೇಬೇಕು ಅಂದಾಗಲೂ ಜನಕ್ಕೆ ಸ್ವಲ್ಪ ಸಮಯ, ಒಂದು ಹಿಡಿ ಬೀಜ ಕೊಡಬಹುದು. ನಮಗೆ ಅದೂ ಸಿಗಲಿಲ್ಲ.

ಸಿಕ್ಕಿದ್ದು ‘ಒಂದಕ್ಕೆ ಹತ್ತು’ ಅನ್ನುವ ಮಾತು. ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಅಂತ. ನೆಡಿ, ಬೇಡ ಅನ್ನುವುದಿಲ್ಲ. ನೆಟ್ಟ ಮೇಲೆ ನೀರೂ ಹಾಕಿ. ಆದರೆ ಆ ಹತ್ತನ್ನು ಈ ಒಂದರ ಲೆಕ್ಕಕ್ಕೆ ಸೇರಿಸಬೇಡಿ. ಮಂಡಿ ನೋವಿನ ಆ ಅಮ್ಮ ಊರಾಚೆಯ ಇನ್ನೊಂದು ಸಸಿಯ ತನಕ ನಡೆಯುವುದಿಲ್ಲ. ಜನ ‘ಹಸಿರು’ ಅನ್ನುವುದನ್ನು ಪ್ರೀತಿಸುವುದು ಕಡಿಮೆ. ಇಂಥ ತಿರುವಿನಲ್ಲಿ, ಇಂಥ ಕಡೆಗೆ ಬಾಗಿರುವ, ಇಂಥ ಗಂಟಿರುವ ಒಂದು ಮರವನ್ನು ಪ್ರೀತಿಸುತ್ತಾರೆ.

ಹಿರೋಷಿಮಾದಲ್ಲಿ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದ ಮೇಲೂ ಬದುಕುಳಿದ ಮರಗಳು ಆ ಊರಿನಲ್ಲಿವೆ. ಸುಟ್ಟ ಬುಡದಿಂದ ಮತ್ತೆ ಚಿಗುರಿದವು. ಒಂದೊಂದಕ್ಕೂ ಫಲಕ ಹಾಕಿದ್ದಾರೆ, ಯಾವ ಜಾತಿ, ಸ್ಫೋಟದ ಜಾಗದಿಂದ ಎಷ್ಟು ದೂರ ಅಂತ. ಹೋಸೆನ್‌ಬೋ ಅನ್ನುವ ದೇವಾಲಯದ ಅಂಗಳದಲ್ಲಿ ಒಂದು ಗಿಂಕ್ಗೊ ಮರ ಇದೆ. ಸ್ಫೋಟದ ಜಾಗದಿಂದ ಸುಮಾರು 1.1 ಕಿಲೋಮೀಟರ್ ದೂರ. ದೇವಾಲಯವನ್ನು ಮತ್ತೆ ಕಟ್ಟುವಾಗ ಮರ ದಾರಿಗೆ ಅಡ್ಡ ಇತ್ತು. ಅವರು ಮರ ತೆಗೆಯಲಿಲ್ಲ, ಮೆಟ್ಟಿಲನ್ನೇ ಎರಡು ಭಾಗ ಮಾಡಿ ಮರವನ್ನು ನಡುವೆ ಬಿಟ್ಟರು. ಎಂಜಿನಿಯರಿಗೆ ಅದು ದೊಡ್ಡ ಕಷ್ಟವೇನೂ ಆಗಿರಲಿಕ್ಕಿಲ್ಲ. ನಕ್ಷೆ ಬರೆಯುವ ಮುಂಚೆ ಯಾರೋ ಹೇಳಿರಬೇಕು, ಅಷ್ಟೇ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ಫಾರಂನಲ್ಲಿ ಒಂದು ಗೆರೆ ಸೇರಿಸಿ: ‘ಈ ಮರದ ಬಗ್ಗೆ ಅಕ್ಕಪಕ್ಕದವರು ಹೇಳಿದ್ದು’. ಅದನ್ನು ತುಂಬಲು ಪರಿಶೀಲನೆಗೆ ಬಂದವರು ಕೆಳಗೆ ನಿಂತು ಒಂದಿಬ್ಬರ ಹತ್ತಿರ ಮಾತಾಡಲೇಬೇಕಾಗುತ್ತದೆ. ಎಲೆ ಉದುರಿಸುವ ಜಾತಿಯಾದರೆ ಚಿಗುರುವ ಕಾಲದಲ್ಲಿ ಇನ್ನೊಮ್ಮೆ ಬಂದು ನೋಡದೆ ‘ಒಣಗಿದೆ’ ಅಂತ ಬರೆಯಬೇಡಿ. ನೋಟಿಸನ್ನು ಜನ ನಡೆಯುವ ಕಡೆಗೆ, ಕಣ್ಣೆತ್ತರದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿ. ಕಾರಣ, ತಾರೀಕು, ಫೋನ್ ನಂಬರ್ ಅದರಲ್ಲಿರಲಿ. ಕಡಿಯಲೇಬೇಕಾದರೆ ಹಗಲು ಹೊತ್ತಿನಲ್ಲಿ, ಹೇಳಿ ಕಡಿಯಿರಿ. ಕಾಂಡದ ಒಂದು ಬಿಲ್ಲೆ ಬೇಕು ಅಂದವರಿಗೆ ಕೊಡಿ. ದೂರಿನ ಸಂಖ್ಯೆಗೆ ನಿಮ್ಮಲ್ಲಿ ಹೇಗೆ ಬೆಲೆ ಇದೆಯೋ, ಇದು ಬೇಕು ಅಂತ ಬರೆದ ಅರ್ಜಿಗೂ ಒಂದು ಸಂಖ್ಯೆ, ಒಂದು ಉತ್ತರ ಕೊಡಿ.

ನಮ್ಮ ಕಡೆಯವರಿಗೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಪತ್ರ ಒಂದೇ ಕಡೆಗೆ ವಾಲುತ್ತದೆ. ಮರದ ಮೇಲೆ ಪ್ರೀತಿ ಇದೆ ಅನ್ನುವವರೇ ಬುಡಕ್ಕೆ ಸಿಮೆಂಟ್ ಮೆತ್ತುತ್ತಾರೆ, ಬೋರ್ಡು ನೇತು ಹಾಕಲು ಮೊಳೆ ಹೊಡೆಯುತ್ತಾರೆ, ತಂತಿ ಸುತ್ತಿ ಮರೆತುಬಿಡುತ್ತಾರೆ. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇರುತ್ತವೆ, ರೆಂಬೆ ಚಾಚಿದ್ದಕ್ಕಿಂತ ಆಚೆಗೂ ಹರಡಿರುತ್ತವೆ. ಅಲ್ಲಿ ಕಾಂಕ್ರೀಟ್ ಹಾಕಿದರೆ, ಪೈಪಿಗೆ ಕಾಲುವೆ ತೋಡಿದರೆ ಮರ ಅವತ್ತೇ ಸಾಯುವುದಿಲ್ಲ. ವರ್ಷಗಳ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಆಗ ತಪ್ಪು ಯಾರದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ಇದನ್ನೂ ಆ ನೋಟಿಸಿನ ಬದಿಯಲ್ಲಿ ನೀವು ತಿಳಿಸಿ ಹೇಳಿದರೆ ನಾವು ಕೇಳುತ್ತೇವೆ.

ಕೊನೆಯದಾಗಿ, ನಮ್ಮ ಬೀದಿಯ ಇನ್ನೊಂದು ತುದಿಯಲ್ಲಿರುವ ಬೇವಿನ ಮರದ ಮೇಲೆ ಈಗ ಕೆಂಪು ಬಣ್ಣದ ನಂಬರ್ ಬಿದ್ದಿದೆ. ‘ಕಾಂಡ ಟೊಳ್ಳು’ ಅಂತ ಬರೆದಿದ್ದಾರಂತೆ. ಪೊಟರೆ ಇರುವುದು ನಿಜ, ಅದರಲ್ಲಿ ಗಿಣಿ ಇರುವುದೂ ನಿಜ. ಆದರೆ ಮರದ ಜೀವ ಓಡಾಡುವುದು ತೊಗಟೆಯ ಒಳಗಿನ ಹೊರ ಪದರದಲ್ಲಿ, ನಡುಮರ ಸತ್ತ ಭಾಗ. ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳುತ್ತದೆ ಅಂತ ಇಲ್ಲ. ಎಷ್ಟು ಗಟ್ಟಿ ಉಳಿದಿದೆ ಅಂತ ಶಬ್ದದ ಅಲೆ ಕಳಿಸಿ ಅಳೆಯುವ ಯಂತ್ರಗಳಿವೆ. ಮೊದಲು ಅದನ್ನು ಮಾಡಿಸಿ. ಮಾಡಿಸುವ ದಿನ ನಮಗೂ ತಿಳಿಸಿ, ಸಂಜೆಯಾದರೆ ಹೆಚ್ಚಿನವರು ಮನೆಯಲ್ಲೇ ಇರುತ್ತೇವೆ. ಫಲಿತಾಂಶ ಕೆಟ್ಟದಾಗಿ ಬಂದರೆ ಕಡಿಯಲು ನಾವು ಅಡ್ಡ ಬರುವುದಿಲ್ಲ. ಇದನ್ನು ಬರೆದು ಸಹಿ ಹಾಕಿ ಕೊಡಲು ಬೀದಿಯವರು ಒಪ್ಪಿದ್ದಾರೆ, ಕಾರಿನವರೂ ಸೇರಿ. ಆ ಕಾಗದವನ್ನು ಈ ಪತ್ರದ ಪ್ರತಿಯ ಜೊತೆ ಕಚೇರಿಗೆ ಕೊಟ್ಟಿದ್ದೇವೆ. ಸ್ವೀಕೃತಿ ಸಂಖ್ಯೆ ಇನ್ನೂ ಸಿಕ್ಕಿಲ್ಲ. ದಯವಿಟ್ಟು ಕೊಡಿಸಿ.

ಇಂತಿ ನಿಮ್ಮ ವಿಶ್ವಾಸಿ,
ಬೀದಿಯ ಒಬ್ಬ ನಿವಾಸಿ